ಚೀಟಿಯ ಹಿಂಬದಿ

ನಗರ್ತಪೇಟೆ, ಮೂರನೇ ಮಹಡಿ, ಲಿಫ್ಟಿಲ್ಲ.
ಕೆಳಗೆ ಜರಿ ಅಂಗಡಿ, ಅದರ ಮೇಲೆ ಪೇಪರ್ ತಟ್ಟೆಗಳ ಗೋಡೌನು,
ಅದರ ಮೇಲೆ ನಾನು, ಕಲ್ಲಿನ ಜಾತಿ ಹೇಳುವವನು.

ಗುರುವಾರ ಮಧ್ಯಾಹ್ನ ಏದುಸಿರು ಬಿಡುತ್ತ ಬಂದರು ಹೊಂಬಾಳಮ್ಮ.
ಇಪ್ಪತ್ತಾರು ವರ್ಷ ಬಸ್ ಕಂಡಕ್ಟರು,
ವಿಷಲ್ ಕಳೆದುಹೋದ ದಿನ ಉಂಗುರದಿಂದ ಕಂಬಿ ಬಡಿದವರು:
ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು.
ತೋರುಬೆರಳಿಗೆ ಸೋಪು ಹಚ್ಚಿ ತಿರುಚಿ ತಿರುಚಿ ಬಿಚ್ಚಿದರು.
"ಪುಷ್ಯರಾಗ. ಗುರುಬಲಕ್ಕೆ ಅಂತ ಹಾಕ್ಕೊಂಡಿದ್ದು.
ಎಷ್ಟು ಬರತ್ತೆ ನೋಡಿ, ಮೊಣಕಾಲಿನ ಆಪರೇಷನ್ ಇದೆ."

ಕೈಗಿಟ್ಟ ಕೂಡಲೇ ಅನುಮಾನ.
ಪುಷ್ಯರಾಗ ಅಂಗೈಯಲ್ಲಿ ಕೂರುತ್ತದೆ.
ಇದು ನಿಂತೇ ಇತ್ತು,
ಮುಂದಿನ ಸ್ಟಾಪಿಗೆ ಇಳಿಯುವವರ ಹಾಗೆ.

ಗಾಜಿನ ಮೇಲೆ ಒಂದು ಹನಿ ದ್ರವ, ಹನಿಯ ಮೇಲೆ ಕಲ್ಲು.
ನೆರಳು ಬಿದ್ದದ್ದು ಒಂದು ಪಾಯಿಂಟ್ ಐದು ಐದಕ್ಕೆ.
ಪುಷ್ಯರಾಗವಾಗಿದ್ದರೆ ಇನ್ನೂ ಎಷ್ಟೋ ಮೇಲೆ, ಏಳು ಆರಕ್ಕೆ.
ಉಂಗುರದ ತಳ ತೆರೆದಿತ್ತು, ಕಲ್ಲು ಚರ್ಮಕ್ಕೆ ತಾಗಲೆಂದು.
ಆ ಕಿಂಡಿಯಿಂದ ಬೆಳಕು ಬಿಟ್ಟು ತಿರುಗಿಸಿದೆ:
ಬಣ್ಣದ ಬಳೆಗಳು, ನಡುವೆ ಖಾಲಿ ಪಾಪೆ.
ಗೂಳಿಕಣ್ಣು ಅಂತಾರೆ ನಮ್ಮ ಕಸುಬಿನಲ್ಲಿ.
ಹೀಗೆ ದಿಟ್ಟಿಸುವುದು ಸ್ಫಟಿಕ.

"ಸುನೇಲಾ ಅಮ್ಮ ಇದು. ಹಳದಿ ಸ್ಫಟಿಕ. ಮರಳಿನ ಜಾತಿ."

ಬೆಲೆ ಹೇಳಲು ನಾಲಿಗೆ ಏಳದಾಗ
ನಾನು ಹುಟ್ಟಿನ ಕಥೆ ಶುರು ಮಾಡುತ್ತೇನೆ.
ಬ್ರೆಜಿಲ್ ಅಂತ ದೇಶ. ಎಂದೋ ಹರಿದು ಆರಿದ ಬೆಂಕಿಬಂಡೆ,
ಬಂಡೆಯೊಳಗೆ ಗಾಳಿ ಸಿಕ್ಕಿಕೊಂಡ ಗುಳ್ಳೆ,
ಗುಳ್ಳೆಯೊಳಗೆ ನೀರು ನುಸುಳಿ ನುಸುಳಿ ಕಟ್ಟಿದ ಹರಳು,
ಚಿಟಿಕೆಗಿಂತ ಎಷ್ಟೋ ಕಮ್ಮಿ ಕಬ್ಬಿಣ.
ಅಲ್ಲಿದ್ದಾಗ ಇದು ಹಳದಿಯಲ್ಲ, ನೇರಳೆ.
ಹಣ್ಣು ತಿಂದು ಮನೆಯಲ್ಲಿ ಸುಳ್ಳು ಹೇಳಿದ ಮಗುವಿನ ನಾಲಿಗೆಯ ನೇರಳೆ.
ಹುಟ್ಟಾ ಹಳದಿ ಸಿಗುವುದು ಅಪರೂಪ,
ಅದಕ್ಕೇ ನೇರಳೆಯನ್ನು ಕುಲುಮೆಗಿಟ್ಟು
ನಾನೂರೈವತ್ತು ಡಿಗ್ರಿಗೆ ನಿಧಾನ ಕಾಯಿಸುತ್ತಾರೆ.
ಹಳದಿ ಬರುತ್ತದೆ.
ನೇರಳೆ ತಾನಾಗಿ ಮರಳುವುದಿಲ್ಲ.

ಫ್ಯಾನು ಕಿರುಗುಟ್ಟಿತು.
"ಹಂಗಾದ್ರೆ," ಅಂದರು ಹೊಂಬಾಳಮ್ಮ,
"ಇಷ್ಟು ವರ್ಷ ಗುರುಗೂ ಗೊತ್ತಾಗ್ಲಿಲ್ವಾ?"
ನಕ್ಕರು. ನಗಲೋ ಬೇಡವೋ ತಿಳಿಯದೆ
ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದೆ.

ಲೆನ್ಸಿನೊಳಗೆ ಕಲ್ಲಿನ ಅಂಚುಗಳು ಸವೆದಿದ್ದವು.
ಗಾಜನ್ನು ಗೀರುವ ಕಲ್ಲು ಇದು, ಚಾಕುವಿಗೆ ಬಗ್ಗದು,
ನಾಣ್ಯಕ್ಕೆ, ಕಂಬಿಗೆ ಸವೆಯುವಂಥದ್ದಲ್ಲ.
ಸವೆಸಿದ್ದು ಧೂಳು.
ಮೈಸೂರು ರಸ್ತೆಯ ಧೂಳು, ಮೆಟ್ರೋಗೆಂದು ಅಗೆದ ಧೂಳು,
ಬೋರ್‌ವೆಲ್ ಉಗುಳುವ ಬೂದು ಹಿಟ್ಟು.
ಅದರಲ್ಲೂ ಇರುವುದು ಸ್ಫಟಿಕವೇ.
ಲಾಲ್‌ಬಾಗಿನ ಬಂಡೆಯ ಮೇಲೆ ಬಿಳಿ ಗೆರೆ ಓಡುತ್ತದಲ್ಲ,
ನಾವು ಕೂತು ಕಡಲೆಕಾಯಿ ಬಿಡಿಸುತ್ತೇವಲ್ಲ, ಅದೂ ಇದೇ ಮನೆತನ.
ಬಸ್ಸಿನ ಬಾಗಿಲಲ್ಲಿ ನಿಂತ ಇಪ್ಪತ್ತಾರು ವರ್ಷ
ಇಡೀ ಊರು ತನ್ನ ಕಲ್ಲಿನಿಂದ
ಈ ಕಲ್ಲನ್ನು ತಿಕ್ಕಿದೆ.

ಬೆಲೆ ಹೇಳಿದೆ. ಬೆಳ್ಳಿ ಸೇರಿಸಿದರೂ
ಆಸ್ಪತ್ರೆಗೆ ಹೋಗಿ ಬರುವ ಆಟೋಗೆ ಆದೀತು.
ಅವರು ಮಾತಾಡದೆ ಉಂಗುರ ತೊಟ್ಟರು.
ಈ ಸಲ ಸೋಪು ಬೇಕಾಗಲಿಲ್ಲ.

ಚೀಟಿ ಬರೆದೆ. ಕಲ್ಲು: ಸುನೇಲಾ.
ಬಣ್ಣ: ಹಳದಿ, ಒಂದು ತುದಿಗೆ ಕೆಂಪು.
ಷರಾ: ಬಿಸಿ ತಾಗಿದೆ.
ಷರಾವನ್ನು ಎರಡು ಸಲ ಓದಿದರು, ತುಟಿ ಅಲುಗಿಸುತ್ತ.
"ಫೀಸು?" "ನಾನೂರೈವತ್ತು."
"ಡಿಗ್ರಿಗೊಂದ್ರುಪಾಯಿ ಇಟ್ಟಿದೀರಾ?"

ಐನೂರರ ನೋಟು. ನನ್ನ ಡ್ರಾಯರಿನಲ್ಲಿ ಬರೀ ರಬ್ಬರ್‌ಬ್ಯಾಂಡು.
ಯಾವ ಯಾವ ಬಸ್ಸಿನಲ್ಲಿ ಎಷ್ಟು ಚಿಲ್ಲರೆ ಬಿಟ್ಟಿದ್ದೇನೋ ನಾನು,
ಟಿಕೆಟ್ಟಿನ ಹಿಂದೆ ಗೀಚಿದ್ದನ್ನು ಜೇಬಿನಲ್ಲೇ ತೊಳೆದು.
"ಹಿಂದೆ ಬರ್ಕೊಡಿ," ಅಂದರು ಅವರು.
ಬರೆದೆ: ಐವತ್ತು ಬಾಕಿ. ಸುತ್ತ ಒಂದು ಗೆರೆ ಎಳೆದೆ.

ಮೆಟ್ಟಿಲಿಳಿಯುವಾಗ ಕಬ್ಬಿಣದ ಕಟಕಟೆಗೆ ಉಂಗುರ ತಾಗಿದ್ದು ಕೇಳಿಸಿತು.
ಎರಡನೇ ಮಹಡಿಯ ತಿರುವಿನಲ್ಲಿ ಒಂದು ಸಲ.
ತುಂಬ ಹೊತ್ತು ಏನೂ ಇಲ್ಲ.
ಆಮೇಲೆ ಎರಡು.